ಹಳೆಯ ಹಂಚಿನ ಮನೆಯ ದುರಸ್ತಿ ಮತ್ತು ವಿಸ್ತರಣೆ: ಕರಾವಳಿಯವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಪುತ್ತೂರು, ಬಂಟ್ವಾಳ, ಬೆಳ್ತಂಗಡಿ ಕಡೆಯ ಹಳೆಯ ಮನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಮುರಕಲ್ಲಿನ (ಕೆಂಪು ಜಂಬಿಟ್ಟಿಗೆಯ) ಗೋಡೆ, ಕಲ್ಲುಗಳ ನಡುವೆ ಮಣ್ಣು, ಮೇಲೆ ಸುಣ್ಣದ ಸಾರಣೆ (ಪ್ಲಾಸ್ಟರ್), ಹಲಸು ಅಥವಾ ಕಿರಾಲುಬೋಗಿ ಮರದ ಪಕ್ಕಾಸು (ಹಂಚನ್ನು ಹೊರುವ ಓರೆ ತೊಲೆ), ಮಂಗಳೂರು ಹಂಚು, ಕಾವಿ ನೆಲ. ನಮ್ಮದೂ ಅಂಥದ್ದೇ ಮನೆ, ಅಜ್ಜ ಕಟ್ಟಿಸಿದ್ದು. ಅಪ್ಪ ಅಮ್ಮನಿಗೆ ವಯಸ್ಸಾಗಿತ್ತು, ಬಚ್ಚಲು ಹೊರಗಿತ್ತು, ಅಡುಗೆಮನೆಯಲ್ಲಿ ಹಗಲಲ್ಲೂ ಲೈಟ್ ಬೇಕಿತ್ತು. ಕೆಡವಿ ಟೆರೇಸು ಮನೆ ಕಟ್ಟಿ ಅಂದವರೇ ಜಾಸ್ತಿ. ನಾವು ಹಳೆಯದನ್ನು ಉಳಿಸಿ, ಹಿಂದುಗಡೆ ಒಂದು ಕೋಣೆ, ಅದಕ್ಕೆ ಸೇರಿದ ಬಚ್ಚಲು, ಒಂದು ಹೊಸ ಅಡುಗೆಮನೆ ಸೇರಿಸಿದೆವು. ಆ ಅನುಭವದಿಂದ ಬರೆದದ್ದು ಇದು. ಇಂಥದ್ದೇ ಮನೆ ಇರುವವರಿಗೆ ಉಪಯೋಗವಾದೀತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಹಾಗಾಗಿ ಹಳೆಯ ಮನೆಯ ಕೆಲಸದಲ್ಲಿ ಟೈಲ್ಸ್, ಬಣ್ಣ, ಕಿಟಕಿಯ ಡಿಸೈನ್ ಎಲ್ಲ ಆಮೇಲಿನದ್ದು. ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎನ್ನುವುದೇ ಮುಖ್ಯ. ಮುಂದಿನ ಹಂತಗಳೆಲ್ಲ ಈ ಲೆಕ್ಕದಲ್ಲೇ ಬರುತ್ತವೆ.

ಹಂತ 1: ಒಂದು ಮಳೆಗಾಲ ಸುಮ್ನೆ ನೋಡಿ

ಹಣ ಕೈಯಲ್ಲಿದೆ, ಮೇಸ್ತ್ರಿ ಸಿಕ್ಕಿದ್ದಾರೆ ಎಂದು ನವೆಂಬರ್‌ನಲ್ಲೇ ಶುರು ಮಾಡಬೇಡಿ, ಹಿಂದಿನ ಮಳೆಗಾಲದಲ್ಲಿ ಮನೆಯನ್ನು ಸರಿಯಾಗಿ ನೋಡಿರದಿದ್ದರೆ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಒಂದು ಪುಸ್ತಕ, ಒಂದು ಸೀಮೆಸುಣ್ಣ ಹಿಡಿದು ಮನೆಯೊಳಗೆ ಸುತ್ತು ಹಾಕಿ. ಗೋಡೆಯಲ್ಲಿ ಒದ್ದೆಯಾದ ಕಡೆಯೆಲ್ಲ ಗೆರೆ ಎಳೆದು ತಾರೀಕು ಬರೆಯಿರಿ.

ಒದ್ದೆಯಲ್ಲಿ ಮೂರು ಬಗೆ. ಮೇಲಿಂದ ಕೆಳಗೆ ಪಟ್ಟೆಯಾಗಿ ಇಳಿದಿದ್ದರೆ ಅದು ಮಾಡಿನ (ಛಾವಣಿಯ) ಸೋರಿಕೆ. ನೆಲದಿಂದ ಎರಡು ಮೂರು ಅಡಿ ಎತ್ತರದವರೆಗೆ ಒಂದೇ ಮಟ್ಟದಲ್ಲಿ ಏರಿದ್ದರೆ ಪಾಯದಿಂದ ಹೀರಿದ ತೇವ. ಹೊರಗೋಡೆಯ ಬುಡದಲ್ಲಿ ಮಾತ್ರ ಕೆಸರಿನ ಚುಕ್ಕೆಯೊಂದಿಗೆ ಇದ್ದರೆ ಸೂರಿನ ನೀರು ಅಂಗಳಕ್ಕೆ ಬಡಿದು ಹಾರಿದ್ದು. ಮೂರಕ್ಕೂ ಮದ್ದು ಬೇರೆ ಬೇರೆ. ಬೇಸಗೆಯಲ್ಲಿ ನೋಡಿದರೆ ಮೂರೂ ಒಂದೇ ಥರ ಕಾಣುತ್ತವೆ. ಆಗ ಮೇಸ್ತ್ರಿ ಮೂರಕ್ಕೂ ಸಿಮೆಂಟು ಮೆತ್ತುತ್ತಾರೆ.

ಹೊಸ ಕೋಣೆ ಎಲ್ಲಿ ಬರಬೇಕು ಎಂದುಕೊಂಡಿದ್ದೀರೋ ಅಲ್ಲಿಯೂ ಕೊಡೆ ಹಿಡಿದು ನಿಲ್ಲಿ. ಗುಡ್ಡದ ನೀರು ಅದೇ ದಾರಿಯಲ್ಲಿ ಇಳಿಯುತ್ತದೆಯೇ? ಬರೆಯ (ಗುಡ್ಡದ ಕಡಿದಾದ ಬದಿಯ) ಬುಡದಲ್ಲಿ ಒರತೆ ಹುಟ್ಟುತ್ತದೆಯೇ? ನಮ್ಮ ಕಡೆ ಬರೆ ಕಡಿದು ಜಾಗ ಮಾಡಿಕೊಳ್ಳುವುದು ಮಾಮೂಲು. ಪ್ರತಿ ಮಳೆಗಾಲದಲ್ಲೂ ಬರೆ ಕುಸಿದು ಹಿಂದಿನ ಕೋಣೆಯ ಮೇಲೆ ಬಿದ್ದ ಸುದ್ದಿ ಓದುತ್ತೇವೆ. ಬರೆ ಎಷ್ಟು ಎತ್ತರವಿದೆಯೋ ಕನಿಷ್ಠ ಅಷ್ಟು ದೂರವಾದರೂ ಬಿಟ್ಟು ಕಟ್ಟಬೇಕು ಎನ್ನುವುದು ನನ್ನ ಲೆಕ್ಕ. ಹಿಂದೆ ಅಷ್ಟು ಜಾಗ ಇಲ್ಲದಿದ್ದರೆ ಪಕ್ಕಕ್ಕೆ ಕಟ್ಟಿ. ಜೆಸಿಬಿ ಕರೆಸುವುದು ಸುಲಭ, ಕಡಿದ ಬರೆಯನ್ನು ಹಿಡಿದು ನಿಲ್ಲಿಸುವುದು ಸುಲಭವಲ್ಲ.

ಹಂತ 2: ಮಳೆ ಬಿಟ್ಟ ಮೇಲೆ ತಪಾಸಣೆ

ಸೆಪ್ಟೆಂಬರ್ ಕೊನೆಗೆ ಅಟ್ಟ ಹತ್ತಿ. ಕೈಯಲ್ಲಿ ಟಾರ್ಚು ಮತ್ತು ಒಂದು ಸ್ಕ್ರೂಡ್ರೈವರ್ ಸಾಕು. ಪಕ್ಕಾಸು ಗೋಡೆಯ ಮೇಲೆ ಕೂತ ಜಾಗ, ಸೂರಿನ ತುದಿ, ಮೂಲೆಯ ದೊಡ್ಡ ಮರ, ಈ ಮೂರು ಕಡೆ ಚುಚ್ಚಿ ನೋಡಿ. ಗಟ್ಟಿ ಮರದಲ್ಲಿ ಸ್ಕ್ರೂಡ್ರೈವರ್ ಇಳಿಯುವುದಿಲ್ಲ. ಅರ್ಧ ಇಂಚಿಗಿಂತ ಜಾಸ್ತಿ ಸಲೀಸಾಗಿ ಇಳಿದರೆ ಆ ತುಂಡು ಹೋಗಿದೆ. ಬಡಿದಾಗ ಟೊಳ್ಳು ಸದ್ದು ಬಂದರೂ ಅಷ್ಟೇ. ಪಕ್ಕಾಸಿನ ನಡುಭಾಗ ಹಾಳಾಗುವುದು ಕಡಿಮೆ, ತುದಿಯೇ ಮೊದಲು ಹೋಗುವುದು.

ಒಲೆಯ ಮೇಲಿನ ಮಾಡನ್ನು ಗಮನಿಸಿ. ದಶಕಗಳ ಹೊಗೆ ಹಿಡಿದು ಕಪ್ಪಾಗಿರುವ ಆ ಮರ ಹೆಚ್ಚಾಗಿ ಮನೆಯಲ್ಲೇ ಗಟ್ಟಿಯಾದದ್ದು. ಹೊಗೆ ಇದ್ದಲ್ಲಿ ಹುಳು ಬರುವುದಿಲ್ಲ. ಗ್ಯಾಸ್ ಬಂದು ಒಲೆ ಆರಿಸಿದ ಮೇಲೆ ಅದೇ ಮರಕ್ಕೆ ಕೊರಕ ಹುಳು ಹತ್ತುವುದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಹಾಗಾಗಿ ಒಲೆ ತೆಗೆಯುತ್ತೀರಾದರೆ ಆ ಭಾಗದ ಮರಕ್ಕೆ ಮದ್ದು ಹಚ್ಚುವುದನ್ನು ಲೆಕ್ಕಕ್ಕೆ ಸೇರಿಸಿ. ನಮ್ಮಮ್ಮ "ಬಚ್ಚಲಿನ ಒಲೆಯನ್ನಾದರೂ ಬಿಡಿ ಮಾರಾಯ್ರೆ" ಅಂದರು. ಬಿಟ್ಟೆವು. ತೆಂಗಿನ ಗರಿ, ಅಡಕೆ ಸಿಪ್ಪೆ ಇರುವ ಮನೆಯಲ್ಲಿ ಬಿಸಿನೀರಿಗೆ ಕರೆಂಟು ಯಾಕೆ, ಅಲ್ವಾ?

ಗೋಡೆಯ ಬಿರುಕುಗಳಿಗೆ ಪೆನ್ಸಿಲ್‌ನಲ್ಲಿ ಎರಡೂ ತುದಿ ಗುರುತು ಮಾಡಿ. ಕೆಲವು ತಿಂಗಳಾದರೂ ಗುರುತು ದಾಟಿ ಬೆಳೆಯದಿದ್ದರೆ ಅದು ಹಳೆಯ ಗಾಯ, ತುಂಬಿಸಿದರೆ ಸಾಕು. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟು ಅಗಲವಾಗುತ್ತಾ ಹೋದರೆ ಪಾಯ ಕೂರುತ್ತಿದೆ ಎಂದರ್ಥ. ಗೋಡೆಯ ತಲೆಯಲ್ಲಿ ಅಡ್ಡಕ್ಕೆ ಬಿರುಕು ಇದ್ದು, ಗೋಡೆ ಹೊರಕ್ಕೆ ವಾಲಿದ್ದರೆ ಮಾಡು ಅದನ್ನು ತಳ್ಳುತ್ತಿದೆ. ಈ ಕೊನೆಯ ಎರಡು ಕಂಡರೆ ಮೇಸ್ತ್ರಿಯ ಮಾತಿಗಿಂತ ಒಬ್ಬ ಸ್ಟ್ರಕ್ಚರಲ್ ಇಂಜಿನಿಯರ್ ಮಾತು ಕೇಳಿ. ಅವರ ಫೀಸು ಒಂದು ಗೋಡೆ ಕಟ್ಟುವ ಖರ್ಚಿಗಿಂತ ಕಡಿಮೆಯೇ ಇರುತ್ತದೆ.

ಹಂತ 3: ಕಾಗದಪತ್ರ

ಇದನ್ನು ಬೇಗ ಮುಗಿಸೋಣ. ಜಾಗ ಯಾರ ಹೆಸರಿನಲ್ಲಿದೆ ಎಂದು ಮೊದಲು ಪಹಣಿ ನೋಡಿ. ಅಜ್ಜನ ಹೆಸರಿನಲ್ಲೇ ಇದ್ದರೆ ಅಥವಾ ಪಾಲು ಆಗಿರದಿದ್ದರೆ ಅಣ್ಣತಮ್ಮಂದಿರು, ಅಕ್ಕತಂಗಿಯರು ಎಲ್ಲರ ಒಪ್ಪಿಗೆಯನ್ನು ಬರಹದಲ್ಲೇ ಪಡೆಯಿರಿ. ಬಾಯಿಮಾತಿನ ಒಪ್ಪಿಗೆ ಗೃಹಪ್ರವೇಶದ ಊಟದವರೆಗೆ ಮಾತ್ರ. ಮನೆ ಪಂಚಾಯತ್ ವ್ಯಾಪ್ತಿಯಲ್ಲಿದ್ದರೆ ಹೊಸ ಭಾಗ ಕಟ್ಟಲು ಗ್ರಾಮ ಪಂಚಾಯತ್‌ನ ಪರವಾನಗಿ ಬೇಕು. ಇ-ಸ್ವತ್ತಿನ (ಪಂಚಾಯತ್ ಆಸ್ತಿಯ ಆನ್ಲೈನ್ ದಾಖಲೆ) ಕಾಗದ ಇದೆಯೇ, ಜಾಗ ಕೃಷಿಯಿಂದ ಮನೆ ಜಾಗಕ್ಕೆ ಕನ್ವರ್ಶನ್ ಆಗಿದೆಯೇ ಎಂದು ಅಲ್ಲೇ ವಿಚಾರಿಸಿ. ಸಾಲ ತೆಗೆಯುವವರಿಗೆ ಬ್ಯಾಂಕೂ ಇವನ್ನೇ ಕೇಳುತ್ತದೆ. ಕುಮ್ಕಿ ಜಾಗದ (ಪಟ್ಟಾ ಜಾಗಕ್ಕೆ ತಾಗಿದ ಸರಕಾರಿ ಜಾಗ) ಮೇಲೆ ಗೋಡೆ ಬರದಂತೆ ಗಡಿ ಅಳೆಸಿಕೊಳ್ಳಿ.

ದೈವದ ಕೋಣೆ, ದೇವರ ಕೋಣೆ, ತುಳಸಿಕಟ್ಟೆ ಇವುಗಳ ಜಾಗ ಬದಲಿಸುವುದಿದ್ದರೆ ಕುಟುಂಬದ ಹಿರಿಯರೊಡನೆ ನಕ್ಷೆ ಹಾಕುವ ಮೊದಲೇ ಕೂತು ಮಾತಾಡಿ. ಆಯ (ಮನೆಯ ಅಳತೆಯ ವಾಸ್ತು) ನೋಡುವವರನ್ನೂ ಆಗಲೇ ಕರೆಸಿ. ಗೋಡೆ ಎದ್ದ ಮೇಲೆ ಬಂದು ಬಾಗಿಲು ಇಲ್ಲಿ ಬೇಡ ಅಂದರೆ ಯಾರಿಗೂ ಸುಖವಿಲ್ಲ.

ಹಂತ 4: ಹೊಸದು ಹಳೆಯದಕ್ಕೆ ಎಲ್ಲಿ ಸೇರುತ್ತದೆ?

ಇಡೀ ಕೆಲಸದಲ್ಲಿ ಜಾಸ್ತಿ ಯೋಚನೆ ಬೇಡುವ ಪ್ರಶ್ನೆ ಇದೇ. ಸಾಮಾನ್ಯವಾಗಿ ಮೂರು ದಾರಿಗಳಿವೆ.

ಮೊದಲನೆಯದು, ಹಳೆಯ ಮಾಡನ್ನೇ ಕೆಳಕ್ಕೆ ಎಳೆಯುವುದು. ಎಲ್ಲರಿಗೂ ಮೊದಲು ಹೊಳೆಯುವುದು ಇದು. ಆದರೆ ಲೆಕ್ಕ ಹಾಕಿ ನೋಡಿ. ಹಂಚಿನ ಮಾಡಿಗೆ ನಮ್ಮ ಮಳೆಯಲ್ಲಿ 30 ಡಿಗ್ರಿಗಿಂತ ಕಡಿಮೆ ಇಳಿಜಾರು ಇರಬಾರದು. 30 ಡಿಗ್ರಿ ಅಂದರೆ ಒಂದು ಅಡಿ ಹೊರಗೆ ಹೋದರೆ ಸುಮಾರು 7 ಇಂಚು ಕೆಳಗೆ. 10 ಅಡಿಯ ಕೋಣೆ ಬೇಕೆಂದರೆ ಮಾಡು ಹತ್ತಿರ ಹತ್ತಿರ 6 ಅಡಿ ಇಳಿಯುತ್ತದೆ. 9 ಅಡಿ ಎತ್ತರದ ಗೋಡೆಯಿಂದ ಶುರು ಮಾಡಿದರೆ ಆ ಕಡೆ 3 ಅಡಿ ಉಳಿಯಿತು. ಮೂರು ನಾಲ್ಕು ಅಡಿಯ ಜಗಲಿಗೆ ಈ ದಾರಿ ಸರಿ, ಕೋಣೆಗೆ ಆಗುವುದಿಲ್ಲ. ಇಳಿಜಾರು ಕಡಿಮೆ ಮಾಡಿ ಹೊಂದಿಸುತ್ತೇನೆ ಎನ್ನುವ ಮೇಸ್ತ್ರಿ ಸಿಕ್ಕರೆ ಕೈಮುಗಿದು ಕಳಿಸಿ. ಗಾಳಿಮಳೆಗೆ ನೀರು ಹಂಚಿನ ಕೊಂಡಿ ಹತ್ತಿ ಒಳಗೆ ಬರುತ್ತದೆ.

ಎರಡನೆಯದು, ಹಳೆಯ ಮಾಡಿಗೆ ಸಮಾನಾಂತರವಾಗಿ ಇನ್ನೊಂದು ಮಾಡು, ನಡುವೆ ದಂಬೆ (ನೀರು ಹರಿಯುವ ಕಾಲುವೆ). ಎರಡೂ ಮಾಡಿನ ನೀರು ಮನೆಯ ಒಳಗಿನ ಗೋಡೆಯ ನೆತ್ತಿಗೆ ಬಂದು ಸೇರುತ್ತದೆ. ತರಗೆಲೆ ಕಟ್ಟಿಕೊಂಡರೆ ಉಕ್ಕಿ ಒಳಗೇ ಸುರಿಯುತ್ತದೆ. ಪಕ್ಕದಲ್ಲಿ ಹಲಸು, ಮಾವು ಇರುವ ಮನೆಯಲ್ಲಿ ವಾರಕ್ಕೊಮ್ಮೆ ಮಾಡು ಹತ್ತಲು ಯಾರಿದ್ದಾರೆ? ಇದು ಬೇಡವೇ ಬೇಡ.

ಮೂರನೆಯದು ನಾವು ಆರಿಸಿದ್ದು. ಹೊಸ ಭಾಗವನ್ನು ಹಳೆಯ ಮನೆಯಿಂದ ನಾಲ್ಕೈದು ಅಡಿ ದೂರವಿಟ್ಟು, ಅದಕ್ಕೆ ಅದರದ್ದೇ ಮಾಡು ಹಾಕಿ, ನಡುವಿನ ಓಣಿಗೆ ಮಾತ್ರ ಸಣ್ಣ ಕಾಂಕ್ರೀಟು ಸ್ಲಾಬು. ಸ್ಲಾಬು ಹಳೆಯ ಸೂರಿನ ಕೆಳಗೆ ತೂರಿಕೊಂಡಿರಬೇಕು. ಅಂದರೆ ಹಳೆಯ ಮಾಡಿನ ನೀರು ಸ್ಲಾಬಿನ ಮೇಲೆ ಬಿದ್ದು ಪಕ್ಕಕ್ಕೆ ಹರಿದು ಹೋಗುತ್ತದೆ, ಗೋಡೆಗೆ ತಾಗುವುದಿಲ್ಲ. ಸೂರಿಗೂ ಸ್ಲಾಬಿಗೂ ನಡುವೆ ಒಂದು ಅಡಿ ಅಂತರ, ಒಳಗೆ 7 ಅಡಿ ಎತ್ತರ ಸಿಕ್ಕರೆ ಸಾಕು. ಸ್ಲಾಬನ್ನು ಹಳೆಯ ಗೋಡೆಯೊಳಗೆ ಕೊರೆದು ಸೇರಿಸಬಾರದು. ಒಂದು ಇಂಚು ಬಿಟ್ಟು ನಿಲ್ಲಿಸಿ, ಸ್ಲಾಬಿನ ಅಂಚನ್ನು ಆರು ಇಂಚು ಮೇಲಕ್ಕೆ ಎತ್ತಿ ಕಟ್ಟೆ ಮಾಡಿ. ಮೇಲೆ ಅಲ್ಯೂಮಿನಿಯಂ ತಗಡಿನ ಪಟ್ಟಿಯ ಒಂದು ಅಂಚನ್ನು ಗೋಡೆಯ ಸಂದಿಗೆ ಕಚ್ಚಿಸಿ, ಇನ್ನೊಂದನ್ನು ಕಟ್ಟೆಯ ಮೇಲೆ ಇಳಿಬಿಡಿ.

ಈ ಒಂದು ಇಂಚು ಯಾಕೆ? ಹಳೆಯ ಮನೆ ಕೂರಬೇಕಾದಷ್ಟು ಕೂತು ಆಗಿದೆ. ಹೊಸದು ಮೊದಲ ಎರಡು ಮೂರು ಮಳೆಗಾಲದಲ್ಲಿ ಇನ್ನೂ ಕೂರುತ್ತದೆ. ಎರಡನ್ನೂ ಬಿಗಿಯಾಗಿ ಕಟ್ಟಿದರೆ ಹೊಸದು ಇಳಿಯುವಾಗ ಹಳೆಯದನ್ನು ಎಳೆಯುತ್ತದೆ, ಬಿರುಕು ಮಣ್ಣಿನ ಗೋಡೆಯಲ್ಲೇ ಬರುತ್ತದೆ. ಗೋಡೆಗೆ ಗೋಡೆ ಸೇರುವಲ್ಲೂ ಹೀಗೆಯೇ ಸಂದಿ ಬಿಟ್ಟು, ಮೆತ್ತನೆಯ ಫೋಮ್ ಪಟ್ಟಿ ತುಂಬಿಸಿ, ಹೊರಗಿನಿಂದ ಸೀಲೆಂಟ್ ಹಾಕಿ, ಒಳಗಿನಿಂದ ಮರದ ರೀಪು (ತೆಳು ಪಟ್ಟಿ) ಮುಚ್ಚಿ. ರೀಪನ್ನು ಒಂದೇ ಗೋಡೆಗೆ ಮೊಳೆ ಹೊಡೆಯಿರಿ, ಎರಡಕ್ಕೂ ಬೇಡ.

ಹಂತ 5: ಕೆಲಸದವರು, ಕರಾರು

ಹೊಸ ಭಾಗವನ್ನು ಚದರಡಿ ಲೆಕ್ಕದಲ್ಲಿ ಕಾಂಟ್ರಾಕ್ಟ್ ಕೊಡಿ. ಹಳೆಯ ಭಾಗವನ್ನು ಕೊಡಬೇಡಿ. ಹಂಚು ತೆಗೆದ ಮೇಲೆ ಎಷ್ಟು ಪಕ್ಕಾಸು ಹಾಳಾಗಿದೆ ಎಂದು ಯಾರಿಗೂ ಮೊದಲೇ ಗೊತ್ತಿರುವುದಿಲ್ಲ. ಚದರಡಿ ಲೆಕ್ಕಕ್ಕೆ ಒಪ್ಪಿದವರು ಒಂದೋ ಜಾಸ್ತಿ ಹೇಳಿರುತ್ತಾರೆ, ಇಲ್ಲವೇ ಹಾಳಾದದ್ದನ್ನು ಬಣ್ಣ ಬಳಿದು ಮುಚ್ಚುತ್ತಾರೆ. ಹಳೆಯ ಭಾಗಕ್ಕೆ ದಿನಗೂಲಿಯೇ ಸರಿ, ಆದರೆ ಮನೆಯವರೊಬ್ಬರು ದಿನಾ ಅಲ್ಲೇ ಇರಬೇಕು. ಬೆಂಗಳೂರಿನಲ್ಲಿ ಕೂತು ವಾಟ್ಸಾಪ್ ಫೋಟೋದಲ್ಲಿ ಈ ಕೆಲಸ ಆಗುವುದಿಲ್ಲ.

ಆಚಾರಿಯನ್ನು (ಬಡಗಿಯನ್ನು) ಆರಿಸುವಾಗ ಅವರು ಮಾಡಿದ ಹೊಸ ಮನೆಯನ್ನಲ್ಲ, ಐದಾರು ಮಳೆಗಾಲ ಕಂಡ ಮಾಡನ್ನು ಹೋಗಿ ನೋಡಿ. ಒಟ್ಟು ಅಂದಾಜಿನ ಮೇಲೆ ಕಾಲುಭಾಗ ಹಣವನ್ನು ಬೇರೆಯೇ ಇಡಿ. ಹಳೆಯ ಮನೆ ಅದನ್ನು ಕೇಳಿಯೇ ಕೇಳುತ್ತದೆ.

ಕೆಲಸದ ಕ್ರಮ ಹೀಗಿರಲಿ: ಹೊಸ ಅಡುಗೆಮನೆ ಮತ್ತು ಬಚ್ಚಲು ಮೊದಲು. ಅವು ಬಳಕೆಗೆ ಬಂದ ಮೇಲೆ ಹಳೆಯ ಭಾಗಕ್ಕೆ ಕೈ ಹಾಕಿ. ವಯಸ್ಸಾದವರು ಮನೆಯಲ್ಲೇ ಇದ್ದು ಕೆಲಸ ನಡೆಯುವುದಾದರೆ ಇದೊಂದೇ ದಾರಿ. ಗಡುವು ಪತ್ತನಾಜೆ. ಮೇ ತಿಂಗಳ 24-25ರ ಹೊತ್ತಿಗೆ ಯಕ್ಷಗಾನದ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವಾಗ ನಿಮ್ಮ ಮಾಡಿನ ಕೊನೆಯ ಹಂಚೂ ಕೂತಿರಬೇಕು.

ಹಂತ 6: ಹೊಸ ಭಾಗದ ಪಂಚಾಂಗ (ಅಡಿಪಾಯದ ಮೇಲಿನ ಕಟ್ಟೆ)

ಗಟ್ಟಿ ಮುರ ಸಿಗುವವರೆಗೆ ಅಗೆಯಿರಿ. ಆದರೆ ಹಳೆಯ ಗೋಡೆಯ ಹತ್ತಿರ ಹಳೆಯ ಪಾಯಕ್ಕಿಂತ ಆಳಕ್ಕೆ ಹೋಗುವ ಹಾಗಿದ್ದರೆ ಉದ್ದಕ್ಕೂ ಒಮ್ಮೆಗೇ ಅಗೆಯಬೇಡಿ. ಮೂರು ನಾಲ್ಕು ಅಡಿ ಅಗೆದು, ಕಲ್ಲು ಕಟ್ಟಿ ಮುಚ್ಚಿ, ಆಮೇಲೆ ಮುಂದಿನದು. ಓಣಿ ಬಿಟ್ಟು ಕಟ್ಟುವುದರ ಇನ್ನೊಂದು ಲಾಭ ಇದೇ, ಈ ತಲೆಬಿಸಿ ಹೆಚ್ಚಾಗಿ ಬರುವುದಿಲ್ಲ.

ಪಂಚಾಂಗದ ಮೇಲೆ ಒಂದೂವರೆ ಎರಡು ಇಂಚಿನ ಕಾಂಕ್ರೀಟು ಪಟ್ಟಿಯನ್ನು ವಾಟರ್‌ಪ್ರೂಫ್ ಪುಡಿ ಸೇರಿಸಿ ಹಾಕಿ. ಹಳೆಯ ಮನೆಯಲ್ಲಿ ತೇವ ಗೋಡೆ ಹತ್ತುವುದು ಇದು ಇಲ್ಲದ್ದರಿಂದ. ಮುರಕಲ್ಲು ಇಳಿಸುವಾಗ ಪ್ರತಿ ಲೋಡಿನಲ್ಲೂ ನಾಲ್ಕು ಕಲ್ಲು ತೆಗೆದು ಬಡಿದು ನೋಡಿ. ಒಳಗೆ ಬಿಳಿ ಜೇಡಿ ತುಂಬಿದ ತೂತುಗಳಿದ್ದರೆ ವಾಪಸ್ ಕಳಿಸಿ. ಕಡಿದ ತಕ್ಷಣದ ಕಲ್ಲು ಮೆತ್ತಗಿರುತ್ತದೆ, ಗಾಳಿಬಿಸಿಲಿಗೆ ಬಿದ್ದಷ್ಟೂ ಗಟ್ಟಿಯಾಗುತ್ತದೆ. ಹಾಗಾಗಿ ಕಲ್ಲನ್ನು ಮೊದಲೇ ತರಿಸಿ ಅಂಗಳದಲ್ಲಿ ಬಿಡುವುದು ಒಳ್ಳೆಯದು. ಲಿಂಟಲ್ (ಬಾಗಿಲು, ಕಿಟಕಿಯ ಮೇಲಿನ ಅಡ್ಡ ತೊಲೆ), ಸ್ಲಾಬಿಗೆ ಕನಿಷ್ಠ 7 ದಿನ, ಪಿಪಿಸಿ (ಹಾರುಬೂದಿ ಬೆರೆತ) ಸಿಮೆಂಟಾದರೆ 10 ದಿನ ನೀರು ಬಿಡದೆ ಹೊಡೆಯಬೇಕು. ಮಾರ್ಚ್‌ನಲ್ಲಿ ಬಾವಿಯ ನೀರು ತಳ ಕಾಣುವ ಮನೆಯವರು ಕಾಂಕ್ರೀಟು ಕೆಲಸವನ್ನು ಜನವರಿಯೊಳಗೆ ಮುಗಿಸಿಕೊಳ್ಳಿ.

ಹಂತ 7: ಹಳೆಯ ಗೋಡೆಯಲ್ಲಿ ಹೊಸ ಬಾಗಿಲು

ಹಳೆಯ ಮನೆಯಲ್ಲಿ ಗೋಡೆಯೇ ಕಂಬ. ಎರಡು ಕೋಣೆ ಸೇರಿಸಿ ದೊಡ್ಡ ಹಾಲ್ ಮಾಡುವ ಆಸೆ ಎಲ್ಲರಿಗೂ ಇರುತ್ತದೆ. ಮಣ್ಣಿನಲ್ಲಿ ಕಟ್ಟಿದ ಗೋಡೆಯಾದರೆ ಆ ಆಸೆ ಬಿಡಿ. ಮೂರೂವರೆ ಅಡಿಯ ಬಾಗಿಲಿಗೆ ತೊಂದರೆಯಿಲ್ಲ. ಮೂಲೆಯಿಂದ ಕನಿಷ್ಠ ಮೂರಡಿ ದೂರವಿರಲಿ.

ಮೊದಲು ಗೋಡೆಯ ಎರಡೂ ಬದಿಯಲ್ಲಿ ಜಾಕಿ ಕೊಟ್ಟು ಮೇಲಿನ ಭಾರವನ್ನು ಹೊರಿಸಿ. ಬಾಗಿಲಿನ ನೆತ್ತಿಯಲ್ಲಿ ಗೋಡೆಯ ಅರ್ಧ ದಪ್ಪಕ್ಕೆ ಮಾತ್ರ ಕೊರೆದು, ಮೊದಲೇ ಎರೆದು ಒಣಗಿಸಿದ ಲಿಂಟಲ್ ತುಂಡು ಕೂರಿಸಿ. ಸಂದಿಯನ್ನು ಗಟ್ಟಿಯಾಗಿ ತುಂಬಿಸಿ. ಅದು ಹಿಡಿದ ಮೇಲೆ ಇನ್ನೊಂದು ಬದಿಯಿಂದ ಉಳಿದರ್ಧ. ಲಿಂಟಲ್ ಎರಡೂ ಕಡೆ ಕನಿಷ್ಠ 8 ಇಂಚು ಗೋಡೆಯ ಮೇಲೆ ಕೂರಬೇಕು. ಮಣ್ಣಿನ ಗೋಡೆಗೆ ಅದರಡಿ ಒಂದು ಕಾಂಕ್ರೀಟು ದಿಂಬೂ ಬೇಕು. ಇಷ್ಟೆಲ್ಲ ಆದ ಮೇಲಷ್ಟೇ ಕೆಳಗಿನ ಕಲ್ಲು ತೆಗೆಯುವುದು. ದೊಡ್ಡ ಸುತ್ತಿಗೆ ಬೇಡ, ಕಟಿಂಗ್ ಮೆಷಿನ್ನಲ್ಲಿ ಗೀರಿ ಕಲ್ಲು ಕಲ್ಲಾಗಿ ಬಿಡಿಸಿ.

ಹಂತ 8: ಮಾಡು

ಜರ್ಮನಿ, ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಅದರ ಬೆನ್ನಿಗೇ ನೇತ್ರಾವತಿ, ಗುರುಪುರ ಹೊಳೆಗಳ ಆಸುಪಾಸಿನಲ್ಲಿ ಎಷ್ಟೋ ಕಾರ್ಖಾನೆಗಳು ಬಂದವು. ಪ್ರತಿಯೊಂದು ಹಂಚಿನ ಅಡಿಯಲ್ಲೂ ಕಾರ್ಖಾನೆಯ ಹೆಸರು ಅಚ್ಚಾಗಿರುತ್ತದೆ. ಸುಮ್ನೆ ಚಂದಕ್ಕೆ ಹೇಳುತ್ತಿಲ್ಲ. ಬೇರೆ ಬೇರೆ ಕಾರ್ಖಾನೆಯ ಹಂಚುಗಳ ಕೊಂಡಿ ಮತ್ತು ಗಾಡಿ (ತೋಡು) ಸ್ವಲ್ಪ ಸ್ವಲ್ಪ ಬೇರೆ. ಬೆರೆಸಿ ಹೊದೆಸಿದರೆ ಸರಿಯಾಗಿ ಕಚ್ಚುವುದಿಲ್ಲ, ಸೋರುತ್ತವೆ. ತೆಗೆಯುವಾಗಲೇ ಹೆಸರು ನೋಡಿ ಬೇರೆ ಬೇರೆ ಅಟ್ಟಿ ಇಡಿ.

ಒಮ್ಮೆಗೆ ಒಂದೇ ಬದಿಯ ಮಾಡು ಬಿಚ್ಚಿ. ಎರಡೂ ಬದಿ ಒಟ್ಟಿಗೆ ಬಿಚ್ಚಿದರೆ ಭಾರ ಏರುಪೇರಾಗುವುದು ತಪ್ಪುತ್ತದೆ ಎನ್ನುವವರಿದ್ದಾರೆ. ಸಣ್ಣ ಮನೆಗೆ ಅದು ಸರಿಯಿರಬಹುದು. ಆದರೆ ನವೆಂಬರ್‌ನ ಅಕಾಲ ಮಳೆ, ಏಪ್ರಿಲ್‌ನ ಗುಡುಗು ಮಳೆ ಎರಡೂ ಹೇಳಿ ಬರುವುದಿಲ್ಲ. ಬಿಚ್ಚಿದ ಬದಿಯನ್ನು ಪೂರ್ತಿ ಮುಚ್ಚುವಷ್ಟು ದೊಡ್ಡ ಟರ್ಪಾಲು ಮನೆಯಲ್ಲಿ ಇಲ್ಲದೆ ಮೊದಲ ಹಂಚನ್ನು ಮುಟ್ಟಬೇಡಿ.

ತೆಗೆದ ಪ್ರತಿ ಹಂಚನ್ನೂ ಬೆರಳ ಗೆಣ್ಣಿನಿಂದ ಬಡಿಯಿರಿ. ಠಣ್ ಎಂದರೆ ಇಡಿ, ಮಂಕು ಸದ್ದು ಬಂದರೆ ಒಡಕು. ಪಾಚಿಯನ್ನು ತಂತಿ ಬ್ರಷ್ಷಿನಲ್ಲಿ ಉಜ್ಜಿ ತೊಳೆದು ಒಣಗಿಸಿ. ಪಾಚಿ ಹಿಡಿದ ಹಂಚು ನೀರು ಕುಡಿದು ಭಾರವಾಗುತ್ತದೆ, ಕೊಂಡಿಯ ಸಂದಿಯನ್ನೂ ಕಟ್ಟುತ್ತದೆ. ಒಳ್ಳೆಯ ಹಳೆಯ ಹಂಚು ಸಾಲದಿದ್ದರೆ ಹಳೆಯದನ್ನೆಲ್ಲ ಮುಂದಿನ ಬದಿಗೆ, ಹೊಸದನ್ನೆಲ್ಲ ಹಿಂದಿನ ಬದಿಗೆ ಹಾಕಿ. ಕೆಡವಿದ ಮನೆಗಳ ಹಂಚು ಮಾರುವವರು ನಮ್ಮ ಕಡೆ ಸಿಗುತ್ತಾರೆ, ಅದೇ ಕಾರ್ಖಾನೆಯದ್ದು ಸಿಕ್ಕರೆ ಹೊಸದಕ್ಕಿಂತ ಅದೇ ಮೇಲು.

ಪಕ್ಕಾಸಿನ ತುದಿ ಮಾತ್ರ ಹಾಳಾಗಿದ್ದರೆ ಇಡೀ ಮರ ಬದಲಿಸಬೇಕಿಲ್ಲ. ಹಾಳಾದ ಭಾಗ ಕತ್ತರಿಸಿ, ಪಕ್ಕದಲ್ಲಿ ಅಷ್ಟೇ ಗಾತ್ರದ ಹೊಸ ತುಂಡನ್ನು ಕನಿಷ್ಠ ಎರಡೂವರೆ ಮೂರು ಅಡಿ ಜೊತೆಗೂಡಿಸಿ ಬೋಲ್ಟ್ ಹಾಕಿ. ಮೊಳೆ ಸಾಲದು. ಮರ ಬದಲಿಸುವ ಬದಲು ಕಬ್ಬಿಣದ ಪೈಪು ಹಾಕಿ ಎಂದು ಈಗ ಎಲ್ಲರೂ ಹೇಳುತ್ತಾರೆ. ಹೊಸ ಭಾಗಕ್ಕೆ ನಾವೂ ಅದನ್ನೇ ಹಾಕಿದೆವು, ಗೆದ್ದಲಿನ ಚಿಂತೆಯಿಲ್ಲ, ಬೇಗ ಆಗುತ್ತದೆ. ಆದರೆ ವೆಲ್ಡಿಂಗ್ ಮಾಡಿದ ಜಾಗಕ್ಕೆಲ್ಲ ಅದೇ ದಿನ ಪ್ರೈಮರ್ ಹಚ್ಚಿಸಿ, ಪೈಪಿನ ಬಾಯಿ ಮುಚ್ಚಿಸಿ. ನಮ್ಮ ಹವೆಯಲ್ಲಿ ತುಕ್ಕು ಒಳಗಿನಿಂದಲೇ ಶುರುವಾಗುತ್ತದೆ. ಹಳೆಯ ಭಾಗದಲ್ಲಿ ಅರ್ಧ ಮರ, ಅರ್ಧ ಕಬ್ಬಿಣ ಬೆರೆಸುವುದು ನನಗೆ ಹಿಡಿಸಲಿಲ್ಲ.

ಮಾಡು ಬಿಚ್ಚಿರುವಾಗಲೇ ಮರಕ್ಕೆ ಮದ್ದು. ಹಿಂದಿನವರು ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚುತ್ತಿದ್ದರು. ಈಗಲೂ ಅದು ಒಳ್ಳೆಯದೇ, ಅಗ್ಗವೂ ಹೌದು. ಆದರೆ ಚರ್ಮಕ್ಕೆ ತಾಗಿದರೆ ಸುಟ್ಟು ಗುಳ್ಳೆ ಬರುತ್ತದೆ. ಕೈಗವಸು, ಪೂರ್ತಿ ತೋಳಿನ ಅಂಗಿ ಇಲ್ಲದೆ ಯಾರೂ ಮುಟ್ಟದಿರಲಿ.

ರೀಪಿನ ಅಂತರವನ್ನು ಪುಸ್ತಕದ ಲೆಕ್ಕದಲ್ಲಿ ಹೊಡೆಯಬೇಡಿ. ಒಂದು ಅಡಿಗಿಂತ ತುಸು ಜಾಸ್ತಿ ಎನ್ನುವುದು ಅಂದಾಜು ಅಷ್ಟೇ. ನಿಮ್ಮದೇ ಐದಾರು ಹಂಚನ್ನು ನೆಲದ ಮೇಲೆ ಕೊಂಡಿ ಹಾಕಿ ಜೋಡಿಸಿ, ಅಳೆದು, ಆ ಅಳತೆಗೆ ಒಂದು ಕೋಲು ಕತ್ತರಿಸಿ ಆಚಾರಿಯ ಕೈಗೆ ಕೊಡಿ.

ನೆತ್ತಿಯ ಹಂಚಿಗೆ ಗಾರೆ ಹಾಕುವಾಗ ನಮ್ಮ ಮೇಸ್ತ್ರಿ ಕೇಳಿದರು, "ಅಣ್ಣಾ, ಸಿಮೆಂಟು ಜಾಸ್ತಿ ಹಾಕಿದರೆ ಗಟ್ಟಿ ಅಲ್ವಾ?" ಗಟ್ಟಿ ಹೌದು. ಆದರೆ ಮರ ಬೇಸಗೆಯಲ್ಲಿ ಒಣಗಿ, ಮಳೆಗೆ ಉಬ್ಬಿ ಅಲುಗಾಡುತ್ತಲೇ ಇರುತ್ತದೆ. ಅತಿ ಗಟ್ಟಿ ಗಾರೆ ಮೊದಲ ವರ್ಷವೇ ಬಿರಿಯುತ್ತದೆ. ಸುಣ್ಣ ಬೆರೆಸಿದ ಮೆತ್ತನೆಯ ಗಾರೆಯೇ ಬೇಕು.

ಕತ್ತಲಿರುವ ಕೋಣೆಗೆ ಒಂದೆರಡು ಗಾಜಿನ ಹಂಚು ಹಾಕಿ, ಖರ್ಚು ಕಡಿಮೆ, ಬೆಳಕು ಬೇಕಾದಷ್ಟು. ಕೆಳಗಿನಿಂದ ಜಿಪ್ಸಂ ಸೀಲಿಂಗ್ ಹಾಕಿ ಮಾಡನ್ನು ಮುಚ್ಚುವುದನ್ನು ನಾನು ಒಪ್ಪುವುದಿಲ್ಲ. ಸೋರುವುದೂ ಕಾಣುವುದಿಲ್ಲ, ಗೆದ್ದಲೂ ಕಾಣುವುದಿಲ್ಲ. ಸೆಕೆಗೆ ಏನಾದರೂ ಬೇಕೆಂದರೆ ಹಂಚಿನ ಅಡಿಗೆ ಸೀಲಿಂಗ್ ಹಂಚು ಹಾಕಿಸಿ. ಹಾಗೆಯೇ ಮಾಡಿನ ಮೇಲೆ ಬಾಗಿರುವ ತೆಂಗಿನಮರವನ್ನು ಕೆಲಸ ಶುರುವಾಗುವ ಮೊದಲೇ ಕಡಿಸಿ. ಮಂಗಗಳಿಗೆ ಮಾತ್ರ ನನ್ನ ಹತ್ತಿರ ಪರಿಹಾರವಿಲ್ಲ.

ಹಂತ 9: ಗೋಡೆ ಮತ್ತು ಗೆದ್ದಲು

ಮಣ್ಣಿನಲ್ಲಿ ಕಟ್ಟಿದ ಮುರಕಲ್ಲಿನ ಗೋಡೆಗೆ ಸಿಮೆಂಟು ಸಾರಣೆ ಮಾಡಬೇಡಿ. ಕೆಳಗಿನಿಂದ ಏರಿದ ತೇವ ಸುಣ್ಣದ ಮೂಲಕ ಆವಿಯಾಗಿ ಹೋಗುತ್ತಿತ್ತು. ಸಿಮೆಂಟು ಅದನ್ನು ತಡೆದರೆ ತೇವ ಇನ್ನೂ ಮೇಲಕ್ಕೆ ಹತ್ತುತ್ತದೆ, ಒಳಗಿನ ಮಣ್ಣು ಮೆತ್ತಗಾಗುತ್ತದೆ, ಕೆಲವು ವರ್ಷದಲ್ಲಿ ಸಾರಣೆ ಹಪ್ಪಳದಂತೆ ಎದ್ದು ಬರುತ್ತದೆ. ಸುಣ್ಣವನ್ನು ನೀರಲ್ಲಿ ನೆನೆಹಾಕಿ ಕನಿಷ್ಠ ಎರಡು ಮೂರು ವಾರ ಕೊಳೆಸಿ, ಒಂದು ಪಾಲಿಗೆ ಮೂರು ಪಾಲು ಹೊಯಿಗೆ (ಮರಳು) ಸೇರಿಸಿ, ತೆಳುವಾಗಿ ಎರಡು ಸಲ ಕೊಡಿಸಿ. ಗೋಡೆಯನ್ನು ಮೊದಲು ಚೆನ್ನಾಗಿ ನೆನೆಸಬೇಕು. ಸುಣ್ಣದ ಕೆಲಸ ಗೊತ್ತಿರುವವರು ಈಗ ಕಡಿಮೆ, ಊರಿನ ವಯಸ್ಸಾದ ಸಾರಣೆಯವರನ್ನು ಹುಡುಕಿ ಎರಡು ದಿನ ಕೂರಿಸಿ ಹೇಳಿಸಿದರೂ ಸಾಕು. ಮೇಲೆ ಸುಣ್ಣದ ಬಣ್ಣವೇ ಇರಲಿ, ಪ್ಲಾಸ್ಟಿಕ್ ಪೇಂಟ್ ಬೇಡ.

ತೇವದ ಅರ್ಧ ಮದ್ದು ಗೋಡೆಯ ಹೊರಗಿದೆ. ಸೂರಿನ ನೀರು ಬೀಳುವ ಗೆರೆಯಲ್ಲಿ ಮನೆಯ ಸುತ್ತ ಚರಂಡಿ ಮಾಡಿ, ಜಲ್ಲಿ ತುಂಬಿಸಿ. ಅಂಗಳ ವರ್ಷ ವರ್ಷ ಮಣ್ಣು ಬಿದ್ದು ಎತ್ತರವಾಗಿ ಪಂಚಾಂಗಕ್ಕೆ ಸಮ ಬಂದಿದ್ದರೆ ಕೆರೆದು ತಗ್ಗಿಸಿ.

ಗೆದ್ದಲಿಗೆ ನೆಲ ಮುಟ್ಟುವ ಮೊದಲೇ ಮದ್ದು ಹಾಕಿಸಿ. ಗೋಡೆ ನೆಲಕ್ಕೆ ಸೇರುವ ಗೆರೆಯಲ್ಲಿ ಒಂದೊಂದು ಅಡಿಗೆ 12 ಮಿಲಿಮೀಟರ್ ತೂತು ಕೊರೆದು ಪಂಪಿನಲ್ಲಿ ಒತ್ತಿ ಬಿಡುತ್ತಾರೆ, ಒಂದು ತೂತಿಗೆ ಹೆಚ್ಚೆಂದರೆ ಒಂದು ಲೀಟರ್. ಬಾವಿ ಮನೆಗೆ ತಾಗಿಕೊಂಡಿದ್ದರೆ ಆ ಬದಿಗೆ ಈ ಮದ್ದು ಬೇಡ. ಮುರದ ನೆಲದಲ್ಲಿ ಏನು ಸುರಿದರೂ ಬೇಗ ಬಾವಿಗೆ ಇಳಿಯುತ್ತದೆ. ಶೌಚದ ಗುಂಡಿಗೂ ಇದೇ ಮಾತು, ಬಾವಿಯಿಂದ 50 ಅಡಿಗಿಂತ ಹತ್ತಿರ ಬೇಡ, ಸಾಧ್ಯವಾದರೆ ಬಾವಿಗಿಂತ ತಗ್ಗಿನಲ್ಲಿರಲಿ.

ಹಂತ 10: ವಯರಿಂಗ್, ಬಚ್ಚಲು, ನೆಲ

ಮರದ ರೀಪಿನ ಮೇಲೆ ಓಡಿಸಿದ ಹಳೆಯ ವಯರಿಂಗ್ ಇದ್ದರೆ ಪೂರ್ತಿ ತೆಗೆಯಿರಿ, ತೇಪೆ ಬೇಡ. ಲೈಟಿಗೆ 1.5, ದೊಡ್ಡ ಪ್ಲಗ್ಗಿಗೆ 2.5, ಗೀಸರ್‌ಗೆ 4 ಚದರ ಮಿಲಿಮೀಟರ್ ವಯರು. 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್ಚು) ಒಂದು ಇರಲೇಬೇಕು, ಒದ್ದೆ ಗೋಡೆಯ ಮನೆಯಲ್ಲಿ ಅದು ಜೀವ ಉಳಿಸುವ ಸಾಮಾನು. ಅರ್ಥಿಂಗ್ ಗುಂಡಿಯನ್ನು ಬಚ್ಚಲಿನ ನೀರು ಹರಿಯುವ ಕಡೆ ತೋಡಿ. ಬೇಸಗೆಯಲ್ಲಿ ಮುರ ಒಣಗಿದರೆ ಅರ್ಥಿಂಗ್ ಸರಿಯಾಗಿ ಕೆಲಸ ಮಾಡುವುದಿಲ್ಲ, ಗುಡುಗು ಮಿಂಚು ಬರುವುದೂ ಅದೇ ಏಪ್ರಿಲ್, ಮೇ ತಿಂಗಳಲ್ಲಿ. ಲೋಡು ಹೆಚ್ಚುವುದಾದರೆ ಮೆಸ್ಕಾಂಗೆ ಮೊದಲೇ ಅರ್ಜಿ ಕೊಡಿ. ಮಣ್ಣಿನ ಗೋಡೆಯನ್ನು ಪೈಪಿಗಾಗಿ ಆಳಕ್ಕೆ ಕೊರೆಯುವುದಕ್ಕಿಂತ ಹೊರಗೇ ಕಾಣುವಂತೆ ಕೇಸಿಂಗ್ ಓಡಿಸುವುದು ಒಳ್ಳೆಯದು.

ವಯಸ್ಸಾದವರ ಬಚ್ಚಲಿಗೆ ಬಾಗಿಲು ಮೂರಡಿ ಅಗಲ, ಹೊರಕ್ಕೆ ತೆರೆಯುವಂತೆ ಇರಲಿ. ಒಳಗೆ ಬಿದ್ದವರು ಬಾಗಿಲಿಗೆ ಅಡ್ಡವಾದರೂ ತೆರೆಯಬಹುದು. ಹೊಸ್ತಿಲು ಬೇಡ, ಒರಟು ಟೈಲ್ಸ್ ಸಾಕು. ಕಮೋಡಿನ ಪಕ್ಕ ಹಿಡಿಕೆ ಬರುವ ಜಾಗದಲ್ಲಿ ಗೋಡೆ ಕಟ್ಟುವಾಗಲೇ ಗಟ್ಟಿ ಕಲ್ಲು ಅಥವಾ ಕಾಂಕ್ರೀಟು ತುಂಡು ಇಡಿಸಿ. ಮುರಕಲ್ಲಿಗೆ ಸ್ಕ್ರೂ ಹಿಡಿಯುವುದಿಲ್ಲ.

ಕಾವಿ ನೆಲವನ್ನು ಕೀಳುವ ಮೊದಲು ಸಾವಿರ ಸಲ ಯೋಚಿಸಿ. ಐವತ್ತು ವರ್ಷ ಕಾಲು ತಾಗಿ ಬಂದ ಹೊಳಪು ಯಾವ ಟೈಲ್ಸಿಗೂ ಬರುವುದಿಲ್ಲ. ಬಿರುಕು ಬಿಟ್ಟಲ್ಲಿ ಅದೇ ಬಣ್ಣ ಕಲಸಿ ತುಂಬಿಸಿದರೂ ಗೆರೆ ಕಂಡೇ ಕಾಣುತ್ತದೆ, ಕಾಣಲಿ ಬಿಡಿ. ಕೆಲಸ ನಡೆಯುವಷ್ಟು ದಿನ ಗೋಣಿ ಹಾಸಿ, ಅದರ ಮೇಲೆ ಪ್ಲೈವುಡ್ ಇಡಿ. ಕೊನೆಗೆ ಚೆನ್ನಾಗಿ ಒರೆಸಿ ತೆಂಗಿನೆಣ್ಣೆ ತೆಳುವಾಗಿ ಉಜ್ಜಿದರೆ ಸಾಕು.

ಮುಗಿದ ಮೇಲೆ

ಹೊರಗೋಡೆಯ ಬಣ್ಣವನ್ನು ಆ ವರ್ಷ ಹೊಡೆಸಬೇಡಿ. ಒಂದು ಮಳೆಗಾಲದಲ್ಲಿ ಹೊಸ ಸಾರಣೆ ಎಲ್ಲಿ ಬಿರಿಯುತ್ತದೆ ಎಂದು ಗೊತ್ತಾದ ಮೇಲೆ, ತುಂಬಿಸಿ, ಡಿಸೆಂಬರ್‌ನಲ್ಲಿ ಹೊಡೆಸಿ. ನೂರಿನ್ನೂರು ಹಂಚನ್ನು ಕೊಟ್ಟಿಗೆಯ ಬದಿಗೆ ಅಟ್ಟಿ ಇಡಿ, ಅದೇ ಕಾರ್ಖಾನೆಯದ್ದು ಮುಂದೆ ಸಿಗದಿರಬಹುದು. ಸಾರಣೆಗೆ ಮೊದಲು ತೆಗೆದ ಪೈಪು, ವಯರಿನ ಫೋಟೋಗಳನ್ನು ಪ್ರಿಂಟ್ ಹಾಕಿಸಿ ಮೀಟರ್ ಬೋರ್ಡಿನ ಹತ್ತಿರ ಒಂದು ಕವರಿನಲ್ಲಿಡಿ, ಮೊಬೈಲ್ ಬದಲಾದಾಗ ಫೋಟೋ ಹೋಗುತ್ತದೆ. ಪಂಚಾಯತ್‌ಗೆ ಹೋಗಿ ಹೊಸ ಚದರಡಿ ಸೇರಿಸಿ ಮನೆ ತೆರಿಗೆ ಸರಿಮಾಡಿಸಿಕೊಳ್ಳಿ, ರಸೀದಿಯನ್ನೂ ಅದೇ ಕವರಿಗೆ ಹಾಕಿ.